ಗುಡ್ಡದ ಮೇಲೆ ಒಡತಿಯರು, ಕೆಳಗೆ ಮರದ ಊರು

ಜರ್ಮನಿಯ ಕ್ವೆಡ್ಲಿನ್‌ಬುರ್ಗ್‌ನ ಕೋಟೆಗುಡ್ಡದಿಂದ ಎಂಟೂವರೆ ಶತಮಾನ ಆಳ್ವಿಕೆ ನಡೆಸಿದವರು ಹೆಂಗಸರು. ಕೆಳಗಿನ ಊರು ದೊಡ್ಡ ನಗರವಾಗುವ ಅವಕಾಶಗಳನ್ನು ಒಂದಾದ ಮೇಲೊಂದು ಕಳೆದುಕೊಂಡಿತು. ಹಾಗೆ ಕಳೆದುಕೊಂಡದ್ದರಿಂದಲೇ ಅದು ಇಂದಿಗೂ ನಿಂತಿದೆ.

2009ರಲ್ಲಿ ಲಿಥುವೇನಿಯಾ ದೇಶ ತನ್ನ ಹೆಸರಿಗೆ ಸಾವಿರ ವರ್ಷ ತುಂಬಿದ್ದನ್ನು ಸಂಭ್ರಮದಿಂದ ಆಚರಿಸಿತು. ಆದರೆ ಆ ಹೆಸರು ಮೊದಲು ಬರಹಕ್ಕೆ ಇಳಿದದ್ದು ಆ ದೇಶದಲ್ಲಲ್ಲ. ಬ್ರೂನೋ ಎಂಬ ಧರ್ಮಪ್ರಚಾರಕ 1009ರಲ್ಲಿ ರುಸ್ ಮತ್ತು ಲಿಥುವೇನಿಯಾದ ಗಡಿಯಲ್ಲಿ ಕೊಲೆಯಾದ. ಆ ಸುದ್ದಿಯನ್ನು ಲ್ಯಾಟಿನ್ ಭಾಷೆಯಲ್ಲಿ ದಾಖಲಿಸಿಟ್ಟದ್ದು ಜರ್ಮನಿಯ ನಡುಭಾಗದ ಒಂದು ಗುಡ್ಡದ ಮೇಲಿದ್ದ ಹೆಂಗಸರ ಮಠ. ಇತಿಹಾಸಕಾರರು ಅದನ್ನು ‘ಕ್ವೆಡ್ಲಿನ್‌ಬುರ್ಗ್ ವಾರ್ಷಿಕ ದಾಖಲೆ’ ಎನ್ನುತ್ತಾರೆ. ಬರೆದವರ ಹೆಸರು ತಿಳಿದಿಲ್ಲ. ಮಠದೊಳಗಿನ ಹೆಣ್ಣುಮಗಳೇ ಬರೆದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಬಾಲ್ಟಿಕ್ ಕಾಡಿನಂಚಿನ ಕೊಲೆಯ ಸುದ್ದಿ ಇಷ್ಟು ದೂರ ಬಂದು ತಲುಪಿತೆಂದರೆ, ಅಂದು ಈ ಗುಡ್ಡ ಸುದ್ದಿಗಳು ಬಂದು ಸೇರುವ ಜಾಗವಾಗಿತ್ತು ಎಂದೇ ಅರ್ಥ. ಇಂದು ಅದೇ ಕ್ವೆಡ್ಲಿನ್‌ಬುರ್ಗ್ ಅಕ್ಕಪಕ್ಕದ ಹಳ್ಳಿಗಳನ್ನು ಸೇರಿಸಿಕೊಂಡರೂ 25,000 ಜನ ತುಂಬದ ಪಟ್ಟಣ.

ಬಂಡೆ, ಮಣ್ಣು, ಮಳೆ

ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯದಲ್ಲಿ, ಹಾರ್ಟ್ಸ್ ಪರ್ವತಶ್ರೇಣಿಯ ಉತ್ತರದ ತಪ್ಪಲಿನಲ್ಲಿ ಈ ಊರಿದೆ. ಹಾರ್ಟ್ಸ್‌ನ ಅತಿ ಎತ್ತರದ ಶಿಖರ ಬ್ರೊಕೆನ್, 1,141 ಮೀಟರ್. ಊರು ಮಾತ್ರ ಸಮುದ್ರಮಟ್ಟದಿಂದ 120 ಮೀಟರಿನ ಆಸುಪಾಸಿನಲ್ಲಿದೆ. ಪಶ್ಚಿಮದಿಂದ ಬರುವ ಮೋಡಗಳು ಇದ್ದಬದ್ದ ನೀರನ್ನೆಲ್ಲ ಬೆಟ್ಟದ ಮೇಲೆ ಸುರಿದು, ಬರಿಗೈಯಲ್ಲಿ ಇತ್ತ ದಾಟುತ್ತವೆ. ಬ್ರೊಕೆನ್ ಮೇಲೆ ವರ್ಷಕ್ಕೆ 1,600 ಮಿಲಿಮೀಟರಿಗೂ ಮಿಕ್ಕಿ ಮಳೆ-ಹಿಮ ಬಿದ್ದರೆ, ಊರಿಗೆ ದಕ್ಕುವುದು ಸುಮಾರು 450 ಮಿಲಿಮೀಟರ್. ಅಪ್ಪಟ ಮಳೆ ನೆರಳಿನ ಸೀಮೆ. ಜರ್ಮನಿಯ ಅತಿ ಒಣ ಜಾಗಗಳಲ್ಲೊಂದು.

ಮಳೆ ಕಡಿಮೆಯಾದರೂ ನೀರಿಗೆ ಬರವಿಲ್ಲ. ಹಾರ್ಟ್ಸ್‌ನಲ್ಲಿ ಹುಟ್ಟಿದ ಬೋಡೆ ನದಿ ಬೆಟ್ಟದ ಮಳೆಯನ್ನು ಹೊತ್ತು ಊರಿನ ಪಕ್ಕದಲ್ಲೇ ಹರಿಯುತ್ತದೆ. ಮಣ್ಣೂ ಒಳ್ಳೆಯದು. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಹರಡಿದ ನುಣುಪಾದ ದೂಳು ಇಲ್ಲಿ ಫಲವತ್ತಾದ ಎರೆಭೂಮಿಯಾಗಿದೆ.

ಇನ್ನು ಬಂಡೆ. ಕೋಟ್ಯಂತರ ವರ್ಷಗಳ ಹಿಂದೆ ಹಾರ್ಟ್ಸ್ ಮೇಲೆದ್ದಾಗ ಅದರ ಬುಡದಲ್ಲಿದ್ದ ಮರಳುಗಲ್ಲಿನ ಪದರಗಳು ಮಡಚಿ ಸೆಟೆದು ನಿಂತವು. ಗಟ್ಟಿ ಪದರಗಳು ಊರಿನ ನೈಋತ್ಯಕ್ಕೆ ಬಯಲಿನ ನಡುವೆ ಕಲ್ಲಿನ ಗೋಡೆಯಂತೆ ಎದ್ದು ಕಾಣುತ್ತವೆ. ಜನ ಅದನ್ನು ‘ಸೈತಾನನ ಗೋಡೆ’ ಎನ್ನುತ್ತಾರೆ. ದೇವರಿಗೂ ಸೈತಾನನಿಗೂ ಭೂಮಿ ಹಂಚಿಕೊಳ್ಳುವ ಒಪ್ಪಂದವಾಯಿತಂತೆ; ಕೋಳಿ ಕೂಗುವುದರೊಳಗೆ ಸೈತಾನ ಗೋಡೆ ಮುಗಿಸಬೇಕಿತ್ತು. ಸಂತೆಗೆ ಹುಂಜ ಒಯ್ಯುತ್ತಿದ್ದ ಹೆಂಗಸೊಬ್ಬಳು ಕತ್ತಲಲ್ಲಿ ಎಡವಿದಳು, ಹುಂಜ ಹೊತ್ತಿಗೆ ಮುಂಚೆಯೇ ಕೂಗಿತು, ಸೈತಾನ ಸಿಟ್ಟಿನಿಂದ ಕಟ್ಟಿದ್ದನ್ನೆಲ್ಲ ಒಡೆದುಹಾಕಿದ. ಕಥೆ ಏನೇ ಇರಲಿ, ಕಲ್ಲು ಒಡೆಯುವವರ ಕೈಗೆ ಸಿಗದಂತೆ ಈ ಗೋಡೆಗೆ 1833ರಲ್ಲೇ ಸರ್ಕಾರಿ ರಕ್ಷಣೆ ಸಿಕ್ಕಿತು. ಜರ್ಮನಿಯ ಅತಿ ಹಳೆಯ ಸಂರಕ್ಷಿತ ನಿಸರ್ಗ ತಾಣಗಳಲ್ಲಿ ಇದೂ ಒಂದು. ಇದೇ ಭೂಚಲನೆಯಿಂದ ಮೇಲೆದ್ದ ಮೆದು ಮರಳುಗಲ್ಲಿನ ದಿಬ್ಬಗಳೇ ಊರಿನ ಕೋಟೆಗುಡ್ಡ ಮತ್ತು ಅದರ ಎದುರಿಗಿರುವ ಮ್ಯುಂಟ್ಸೆನ್‌ಬೆರ್ಗ್.

ರಾಜನ ಗೋರಿ, ರಾಣಿಯ ಮಠ

ಊರಿನ ಹೆಸರು ಮೊದಲು ಕಾಣಿಸುವುದು ರಾಜ ಒಂದನೇ ಹೈನ್ರಿಷ್ 922ರ ಈಸ್ಟರ್ ಹೊತ್ತಿಗೆ ಹೊರಡಿಸಿದ ದಾನಪತ್ರದಲ್ಲಿ. 919ರಲ್ಲಿ ಪಟ್ಟಕ್ಕೆ ಬಂದ ಈ ಸ್ಯಾಕ್ಸನ್ ದೊರೆಗೆ ಈ ಬಂಡೆ ಅಚ್ಚುಮೆಚ್ಚು. ಹಕ್ಕಿಗಳಿಗೆ ಬಲೆ ಒಡ್ಡಿ ಕುಳಿತಿದ್ದಾಗ ದೂತರು ಬಂದು ಕಿರೀಟ ಒಪ್ಪಿಸಿದರು ಎಂಬ ಕಥೆ ಆತನ ಬಗ್ಗೆ ಇದೆ. ಆ ಜಾಗ ಇದೇ ಎಂದು ಕೋಟೆಗುಡ್ಡದ ಕೆಳಗಿನ ಒಂದು ಓಣಿಯನ್ನು ಊರಿನವರು ಇಂದಿಗೂ ತೋರಿಸುತ್ತಾರೆ.

ಹೈನ್ರಿಷ್ 936ರ ಜುಲೈ 2ರಂದು ತೀರಿಕೊಂಡಾಗ ಆತನನ್ನು ಮಣ್ಣು ಮಾಡಿದ್ದು ಈ ಗುಡ್ಡದ ಮೇಲೆ. ಅದೇ ವರ್ಷ ಆತನ ವಿಧವೆ ಮಟಿಲ್ಡಾ ಮಗ ಒಂದನೇ ಒಟ್ಟೊನಿಂದ ಅನುಮತಿ ಪಡೆದು ಗೋರಿಯ ಬಳಿ ಹೆಂಗಸರ ಮಠ ಸ್ಥಾಪಿಸಿದಳು. ಸತ್ತ ರಾಜನಿಗಾಗಿ ಪ್ರಾರ್ಥಿಸುವುದು, ರಾಜಮನೆತನದ ನೆನಪನ್ನು ಕಾಯುವುದು ಮಠದ ಕೆಲಸ. ಮೂವತ್ತು ವರ್ಷ ರಾಣಿಯೇ ಅದನ್ನು ನಡೆಸಿದಳು. 966ರಲ್ಲಿ ಮೊದಲ ಮಠಾಧೀಶೆಯಾಗಿ ಪೀಠವೇರಿದ್ದು ಒಟ್ಟೊನ ಮಗಳು. ಅವಳ ಹೆಸರೂ ಮಟಿಲ್ಡಾ, ವಯಸ್ಸು ಹನ್ನೊಂದು.

ಆ ಹುಡುಗಿ ಮುಂದೆ ಸಾಮಾನ್ಯಳಾಗಿ ಉಳಿಯಲಿಲ್ಲ. ಅವಳ ಸೋದರನ ಮಗನಾದ ಮೂರನೇ ಒಟ್ಟೊ 997ರಲ್ಲಿ ಇಟಲಿಗೆ ದಂಡೆತ್ತಿ ಹೋಗುವಾಗ ಇತ್ತಣ ರಾಜ್ಯಭಾರವನ್ನು ಒಪ್ಪಿಸಿ ಹೋದದ್ದು ಈ ಸೋದರತ್ತೆಗೆ. 999ರಲ್ಲಿ ಸಾಯುವವರೆಗೂ ಅವಳು ಅದನ್ನು ನಿಭಾಯಿಸಿದಳು. ಊರಿಗೆ ಸಂತೆ ಕೂಡಿಸುವ, ನಾಣ್ಯ ಟಂಕಿಸುವ, ಸುಂಕ ಎತ್ತುವ ಹಕ್ಕು 994ರಲ್ಲಿ ಬಂದದ್ದೂ ಅವಳ ಕಾಲದಲ್ಲೇ. ಅದಕ್ಕೂ ಮೊದಲು, 973ರ ಈಸ್ಟರ್‌ನಲ್ಲಿ, ಮುದಿ ಚಕ್ರವರ್ತಿ ಒಂದನೇ ಒಟ್ಟೊ ಇಲ್ಲಿ ಕೊನೆಯ ದೊಡ್ಡ ದರ್ಬಾರು ನಡೆಸಿದ್ದ. ಬೈಜಾಂಟಿಯಮ್, ಹಂಗೆರಿ, ಬಲ್ಗೇರಿಯಾ, ಡೆನ್ಮಾರ್ಕ್‌ಗಳ ರಾಯಭಾರಿಗಳು ಈ ಗುಡ್ಡ ಹತ್ತಿ ಬಂದಿದ್ದರು.

ಇಲ್ಲಿದ್ದವರನ್ನು ಸನ್ಯಾಸಿನಿಯರು ಎಂದರೆ ತಪ್ಪಾಗುತ್ತದೆ. ಮನೆತನಸ್ಥರ ಹೆಣ್ಣುಮಕ್ಕಳು ಇಲ್ಲಿ ಓದುಬರಹ ಕಲಿತು, ಪೂಜೆ ಪ್ರಾರ್ಥನೆ ನಡೆಸಿಕೊಂಡು ಇರುತ್ತಿದ್ದರು. ಸ್ವಂತ ಆಸ್ತಿ ಇಟ್ಟುಕೊಳ್ಳಬಹುದಿತ್ತು. ಬೇಕೆನಿಸಿದರೆ ಮಠ ಬಿಟ್ಟು ಮದುವೆಯಾಗಬಹುದಿತ್ತು. ಮಠಾಧೀಶೆ ಮಾತ್ರ ಸಾಮ್ರಾಜ್ಯದ ರಾಜಕುಮಾರರಿಗೆ ಸಮನಾದ ಒಡತಿ. ಸಾಮ್ರಾಜ್ಯದ ಸಭೆಯಲ್ಲಿ ಅವಳಿಗೆ ಸ್ಥಾನ, ಸುತ್ತಲಿನ ನೆಲದ ಮೇಲೆ ಕಂದಾಯ ಮತ್ತು ನ್ಯಾಯತೀರ್ಮಾನದ ಹಕ್ಕು. ಈಗ ಗುಡ್ಡದ ಮೇಲೆ ಕಾಣುವ ಸಂತ ಸೆರ್ವಾಟಿಯಸ್ ಚರ್ಚು 1070ರ ಬೆಂಕಿಯ ನಂತರ ಕಟ್ಟಲು ಶುರುವಾಗಿ 1129ರಲ್ಲಿ ಪ್ರತಿಷ್ಠೆಗೊಂಡದ್ದು. 1540ರ ಸುಮಾರಿಗೆ ಮಠಾಧೀಶೆ ಎರಡನೇ ಅನ್ನಾ ಲೂಥರನ ಮತಕ್ಕೆ ಬಂದಳು. ಧರ್ಮ ಬದಲಾಯಿತು, ಹೆಂಗಸರ ಗಾದಿ ಬದಲಾಗಲಿಲ್ಲ.

1477: ಊರು ಸೋತ ವರ್ಷ

ಗುಡ್ಡಕ್ಕೂ ಊರಿಗೂ ಸದಾ ಹೊಂದಾಣಿಕೆ ಇತ್ತೆಂದಲ್ಲ. ಬಟ್ಟೆ, ದನಕರು, ಬಿಯರ್ ವ್ಯಾಪಾರದಲ್ಲಿ ಕೈತುಂಬಿದ ವರ್ತಕರಿಗೆ ಒಡತಿಯ ಹಂಗು ಭಾರವೆನಿಸತೊಡಗಿತು. 1426ರಲ್ಲಿ ಊರು ಉತ್ತರ ಯುರೋಪಿನ ವರ್ತಕ ನಗರಗಳ ಹಾನ್ಸಾ ಒಕ್ಕೂಟ ಸೇರಿತು. ಸಂತೆಮಾಳದಲ್ಲಿ ಕತ್ತಿ ಹಿಡಿದ ವೀರ ರೋಲಾಂಡನ ಕಲ್ಲಿನ ಮೂರ್ತಿ ನಿಂತಿತು. ಜರ್ಮನ್ ಊರುಗಳಲ್ಲಿ ಈ ಮೂರ್ತಿ ನಿಂತಿದೆಯೆಂದರೆ, ‘ನಾವು ಯಾರ ಆಳೂ ಅಲ್ಲ’ ಎಂದು ಡಂಗುರ ಸಾರಿದ ಹಾಗೆ.

ಇದನ್ನು ಸಹಿಸದವಳು ಮಠಾಧೀಶೆ ಹೆಡ್ವಿಗ್. ಸ್ಯಾಕ್ಸನಿಯ ರಾಜಪುತ್ರಿಯಾದ ಇವಳೂ ಹನ್ನೆರಡರ ವಯಸ್ಸಿಗೇ ಪೀಠಕ್ಕೆ ಬಂದವಳು. ವ್ಯಾಜ್ಯ ಬಗೆಹರಿಯದಾಗ ತವರಿಗೆ ಹೇಳಿಕಳಿಸಿದಳು. 1477ರ ಜುಲೈನಲ್ಲಿ ಅವಳ ಅಣ್ಣಂದಿರಾದ ಎರ್ನ್‌ಸ್ಟ್ ಮತ್ತು ಆಲ್ಬ್ರೆಷ್ಟ್ ಕಳಿಸಿದ ದಂಡು ಊರಿನೊಳಗೆ ನುಗ್ಗಿತು. ರೋಲಾಂಡನನ್ನು ಕೆಡವಿಹಾಕಿದರು. ಹಾನ್ಸಾ ಒಕ್ಕೂಟದಿಂದಲೂ ಇತರ ಮೈತ್ರಿಗಳಿಂದಲೂ ಊರು ಹೊರಬರಬೇಕಾಯಿತು. ಮೂರ್ತಿ ಮತ್ತೆ ಎದ್ದು ನಿಲ್ಲಲು 19ನೇ ಶತಮಾನ ಬರಬೇಕಾಯಿತು. ಈಗ ಅದು ಪುರಭವನದ ಮುಂದಿದೆ. ಬ್ರೆಮೆನ್ ನಗರದ ಭಾರೀ ರೋಲಾಂಡನನ್ನು ನೋಡಿ ಬಂದವರಿಗೆ ಮೂರು ಮೀಟರೂ ಇಲ್ಲದ ಈತ ಹುಡುಗನಂತೆ ಕಂಡಾನು.

ಸೋತ ಊರು ಬಡವಾಗಲಿಲ್ಲ. ಕಸುಬುದಾರರು ಕಸುಬು ಮಾಡಿಕೊಂಡರು, ರೈತರು ಬೆಳೆದರು. ಮೂವತ್ತು ವರ್ಷಗಳ ಯುದ್ಧದ ನಂತರವಂತೂ ಮನೆ ಕಟ್ಟುವ ಭರಾಟೆಯೇ ನಡೆಯಿತು. ಆದರೆ ಸ್ವತಂತ್ರ ವರ್ತಕ ನಗರವಾಗಿ ಬೆಳೆಯುವ ದಾರಿ ಮುಚ್ಚಿಹೋಯಿತು. ಹಳೆಯದನ್ನು ಕೆಡವಿ ಕಲ್ಲಿನ ಮಹಲು ಎಬ್ಬಿಸುವಂಥ ದೊಡ್ಡ ದುಡ್ಡು ಊರಗೋಡೆಯೊಳಗೆ ಹರಿದುಬರಲಿಲ್ಲ. ಜನ ತಮಗೆ ಗೊತ್ತಿದ್ದ ಹಾಗೆ, ಮರದಲ್ಲೇ ಕಟ್ಟುತ್ತ ಹೋದರು.

ಕಂಬ, ತೊಲೆ, ಮಣ್ಣಿನ ಗೋಡೆ

ಹೀಗೆ ಉಳಿದ ಮರದ ಚೌಕಟ್ಟಿನ ಮನೆಗಳು ಇಂದು ಎರಡು ಸಾವಿರಕ್ಕೂ ಮಿಕ್ಕಿವೆ. ಆರು ಶತಮಾನಗಳ ಬಡಗಿ ಕೆಲಸವನ್ನು ಒಂದೇ ಊರಿನಲ್ಲಿ ಓದಬಹುದು. ಓದು ಶುರುಮಾಡಲು ಒಳ್ಳೆಯ ಜಾಗ ವೋರ್ಡ್‌ಗಾಸ್ಸೆ ಓಣಿಯ 3ನೇ ನಂಬರಿನ ಮನೆ. ಮರದೊಳಗಿನ ವಾರ್ಷಿಕ ಬಳೆಗಳನ್ನು ಎಣಿಸಿ ನೋಡಿದಾಗ, ಇದರ ಮರ ಕಡಿದದ್ದು 1346-47ರ ಹೊತ್ತಿಗೆ ಎಂದು ತಿಳಿಯಿತು. ನೆಲದಿಂದ ಸೂರಿನವರೆಗೆ ಒಂದೇ ಮರದ ಕಂಬಗಳು. ನಡುವೆ ಮಹಡಿಯ ತೊಲೆಗಳನ್ನು ಕಂಬಕ್ಕೆ ತೂತು ಕೊರೆದು ತೂರಿಸಿ ಬೆಣೆ ಹೊಡೆದಿದ್ದಾರೆ. ಚೌಕಗಳ ನಡುವೆ ಕಡ್ಡಿ ಹೆಣೆದು ಹುಲ್ಲು ಕಲಸಿದ ಮಣ್ಣು ಮೆತ್ತಿದ್ದಾರೆ. ಅಲಂಕಾರದ ಸುಳಿವೇ ಇಲ್ಲ. ಈಗ ಮರದ ಮನೆಗಳ ಮ್ಯೂಸಿಯಂ ಆಗಿರುವ ಇಲ್ಲಿ 1960ರ ದಶಕದವರೆಗೂ ಸಂಸಾರ ನಡೆಯುತ್ತಿತ್ತು.

ಅಷ್ಟುದ್ದದ ಮರ ಸಿಗುವುದು ಯಾವಾಗಲೂ ಕಷ್ಟ. ಹಾಗಾಗಿ ಮುಂದಿನ ಬಡಗಿಗಳು ಒಂದೊಂದು ಮಹಡಿಗೂ ಬೇರೆ ಬೇರೆ ಚೌಕಟ್ಟು ಮಾಡಿ ಒಂದರ ಮೇಲೊಂದು ಕೂರಿಸಿದರು. ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದು ಮೊಳ ಬೀದಿಯತ್ತ ಚಾಚಿತು. ಚಾಚಿದ ತೊಲೆಗಳ ತುದಿಗೆ ಕೆತ್ತನೆ ಬಂತು. 16ನೇ ಶತಮಾನದ ಮನೆಗಳಲ್ಲಿ ಬೀಸಣಿಗೆಯಂತೆ ಬಿಚ್ಚಿದ ಅರ್ಧ ಹೂವು. ಆಮೇಲಿನವುಗಳಲ್ಲಿ ಅಡ್ಡಗೆರೆ, ನಕ್ಷತ್ರ, ಬಣ್ಣದ ಹಲಗೆ. ಎಷ್ಟೋ ಮನೆಗಳ ಬಾಗಿಲ ಮೇಲೆ ಕಟ್ಟಿಸಿದ ಗಂಡಹೆಂಡಿರ ಹೆಸರು, ಇಸವಿ, ಬಡಗಿಯ ಗುರುತು ಇವೆ. ಎರಡು ದಾರಿ ಕೂಡುವಲ್ಲಿ ನಿಂತು ತಲೆ ಎತ್ತಿದರೆ ಮನೆ ಯಾವ ಕಾಲದ್ದೆಂದು ತೊಲೆಯ ತುದಿ ನೋಡಿಯೇ ಹೇಳಬಹುದು.

ಮ್ಯುಂಟ್ಸೆನ್‌ಬೆರ್ಗ್ ದಿಬ್ಬದ ಕಥೆ ಇನ್ನೂ ವಿಚಿತ್ರ. ಅಲ್ಲೂ 986ರಲ್ಲಿ ಹೆಂಗಸರ ಮಠವೊಂದು ಹುಟ್ಟಿ, 16ನೇ ಶತಮಾನದಲ್ಲಿ ಹಾಳುಬಿತ್ತು. ಊರಿನೊಳಗೆ ಜಾಗ ಸಿಗದ ಬಡ ಕಸುಬುದಾರರು, ವಾದ್ಯ ನುಡಿಸುವವರು ಬಂದು ಆ ಪಾಳು ಚರ್ಚಿನ ಗೋಡೆಗಳಿಗೇ ಒರಗಿಸಿ ಗುಬ್ಬಚ್ಚಿ ಮನೆಗಳನ್ನು ಕಟ್ಟಿಕೊಂಡರು. ಚರ್ಚಿನ ಕಂಬ ಒಬ್ಬರ ನೆಲಮಾಳಿಗೆಯಲ್ಲಿ, ಕಮಾನು ಇನ್ನೊಬ್ಬರ ಅಡುಗೆಮನೆಯಲ್ಲಿ ಸೇರಿಹೋಯಿತು. ಇತ್ತೀಚಿನ ದಶಕಗಳಲ್ಲಿ ಒಂದೊಂದೇ ನೆಲಮಾಳಿಗೆ ಬಿಡಿಸಿಕೊಂಡು ಹಳೆಯ ಚರ್ಚನ್ನು ಮತ್ತೆ ಜನರಿಗೆ ತೋರುವ ಹಾಗೆ ಮಾಡಿದ್ದಾರೆ.

ಡಾಕ್ಟರಮ್ಮ ಮತ್ತು ಭೂಗೋಳದ ಮೇಷ್ಟ್ರು

ಗುಡ್ಡದ ಮೇಲೆ ಹೆಂಗಸರು ಆಳುತ್ತಿದ್ದ ಊರಿನಲ್ಲೂ ಕೆಳಗಿನ ಹೆಣ್ಣುಮಗಳಿಗೆ ದಾರಿ ಸಲೀಸಾಗಿರಲಿಲ್ಲ. 1715ರಲ್ಲಿ ಇಲ್ಲಿನ ವೈದ್ಯರೊಬ್ಬರ ಮನೆಯಲ್ಲಿ ಹುಟ್ಟಿದ ಡೊರೊಥಿಯಾ ಎರ್ಕ್ಸ್‌ಲೆಬೆನ್ ಅಪ್ಪನಿಂದಲೇ ವೈದ್ಯ ಕಲಿತಳು. ಹೆಂಗಸರು ಓದದಂತೆ ತಡೆಯುವ ಕಾರಣಗಳನ್ನು ಚರ್ಚಿಸಿ 1742ರಲ್ಲಿ ಪುಸ್ತಕವನ್ನೂ ಹೊರತಂದಳು. ಐದು ಮಕ್ಕಳ ತಂದೆಯಾಗಿದ್ದ ವಿಧುರ ಪಾದ್ರಿಯನ್ನು ಮದುವೆಯಾಗಿ, ತನ್ನ ಮಕ್ಕಳನ್ನೂ ಹೆತ್ತು, ಊರಿನವರಿಗೆ ಮದ್ದು ಕೊಡುತ್ತ ಬಂದಳು. ಅವಳು ನೋಡುತ್ತಿದ್ದ ರೋಗಿಯೊಬ್ಬಳು 1753ರಲ್ಲಿ ತೀರಿಕೊಂಡದ್ದೇ ನೆಪವಾಗಿ, ಊರಿನ ವೈದ್ಯರು ‘ನಾಟಿ ಮದ್ದಿನವಳು’ ಎಂದು ದೂರು ಕೊಟ್ಟರು. ಅವಳು ವಾದಕ್ಕೆ ನಿಲ್ಲಲಿಲ್ಲ. ಪ್ರಬಂಧ ಬರೆದು, 1754ರ ಮೇ ತಿಂಗಳಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಕುಳಿತು, ಲ್ಯಾಟಿನ್‌ನಲ್ಲಿ ಉತ್ತರ ಕೊಟ್ಟು ಪದವಿ ತಂದಳು. ಬೇಗ ಮತ್ತು ಹಿತವಾಗಿ ಗುಣಪಡಿಸಹೋಗಿ ವೈದ್ಯರು ಹೇಗೆ ಎಡವುತ್ತಾರೆ ಎಂಬುದೇ ಪ್ರಬಂಧದ ವಸ್ತು. ಜರ್ಮನಿಯಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದ ಮೊದಲ ಹೆಣ್ಣು ಅವಳು.

ಕೋಟೆಯ ಬುಡದಲ್ಲೇ ಇರುವ ಕಂಬದ ಪಡಸಾಲೆಯ ಮನೆ ಕವಿ ಕ್ಲೋಪ್‌ಸ್ಟಾಕ್‌ನದು. 1724ರಲ್ಲಿ ಆತ ಹುಟ್ಟಿದ್ದು ಅಲ್ಲಿ. 1779ರಲ್ಲಿ ಹುಟ್ಟಿದ ಕಾರ್ಲ್ ರಿಟ್ಟರ್ ಕೂಡ ಈ ಊರಿನವನೇ. ಅವನಿಗೆ ಮನೆಪಾಠ ಹೇಳಿದ ಗುಟ್ಸ್‌ಮೂಟ್ಸ್ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣ ಆರಂಭಿಸಿದವರಲ್ಲಿ ಒಬ್ಬ, ಅವನೂ ಇಲ್ಲಿಯವನು. ರಿಟ್ಟರ್ ಮುಂದೆ ಬರ್ಲಿನ್ ವಿಶ್ವವಿದ್ಯಾಲಯದ ಭೂಗೋಳ ಪ್ರಾಧ್ಯಾಪಕನಾದ. ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಜೊತೆಗೆ ಅವನನ್ನು ಆಧುನಿಕ ಭೂಗೋಳಶಾಸ್ತ್ರದ ಸ್ಥಾಪಕ ಎನ್ನುತ್ತಾರೆ. ಭಾರತಕ್ಕೆ ಕಾಲಿಡದೆಯೇ, ಸಿಕ್ಕ ಪ್ರವಾಸಿ ಬರಹಗಳನ್ನೆಲ್ಲ ಓದಿ, ತನ್ನ ಹತ್ತೊಂಬತ್ತು ಭಾಗಗಳ ಮಹಾಗ್ರಂಥದಲ್ಲಿ ಭಾರತದ ನೆಲವನ್ನೂ ವಿವರಿಸಿದ. ನೆಲವನ್ನು ಬಿಟ್ಟು ಜನರ ಇತಿಹಾಸ ಓದಲಾಗದು ಎಂಬುದು ಅವನ ಪಾಠದ ತಿರುಳು.

ಆ ಪಾಠಕ್ಕೆ ಅವನ ಹುಟ್ಟೂರೇ ಪುರಾವೆ ಒದಗಿಸಿತು. 1802-03ರಲ್ಲಿ ಪ್ರಷ್ಯಾ ಮಠವನ್ನು ಬರಖಾಸ್ತು ಮಾಡಿತು. ಕೊನೆಯ ಮಠಾಧೀಶೆ, ಸ್ವೀಡನ್ನಿನ ರಾಜಕುಮಾರಿ ಸೋಫಿಯಾ ಆಲ್ಬರ್ಟಿನಾ ಗಾದಿ ಬಿಟ್ಟಳು. ಆಗ ಊರಿನ ಕೈಹಿಡಿದದ್ದು ಒಣಹವೆ ಮತ್ತು ಎರೆಮಣ್ಣು. ಬೀಜ ಕಟ್ಟುವ ಹೊತ್ತಿಗೆ ಮಳೆ ಬಂದರೆ ಬೀಜ ಕೆಡುತ್ತದೆ. ಇಲ್ಲಿ ಆ ಕಾಟ ಕಡಿಮೆ. ಹೂವಿನ ಬೀಜ, ತರಕಾರಿ ಬೀಜ, ಸಕ್ಕರೆ ಬೀಟ್ ಬೀಜ ಬೆಳೆದು ಊರು ದೇಶದೇಶಗಳಿಗೆ ಕಳಿಸಿತು. ಡಿಪ್ಪೆ, ಮೆಟ್ಟೆ ಮುಂತಾದ ಬೀಜದ ಮನೆತನಗಳು ಲೋಕಪ್ರಸಿದ್ಧವಾದವು. ಆ ದುಡ್ಡಿನಲ್ಲಿ ಅವರು ಬಂಗಲೆ ಕಟ್ಟಿಸಿದ್ದು ಹಳೆಗೋಡೆಯ ಹೊರಗೆ. ಹೊಲ ಇದ್ದದ್ದೂ ಅಲ್ಲೇ ತಾನೆ! ಹೀಗಾಗಿ ಒಳಗಿನ ಮರದ ಊರು ಇನ್ನೊಮ್ಮೆ ಬಚಾವಾಯಿತು. ಜರ್ಮನಿಯ ಕೃಷಿ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಯೂಲಿಯುಸ್ ಕ್ಯೂನ್ ಇನ್‌ಸ್ಟಿಟ್ಯೂಟ್‌ನ ಕೇಂದ್ರ ಕಚೇರಿ ಇಂದಿಗೂ ಇಲ್ಲೇ ಇದೆ.

ಕಳ್ಳ ಮೂಳೆ, ಕಳುವಾದ ನಿಧಿ

20ನೇ ಶತಮಾನ ಈ ಗುಡ್ಡದ ಮೇಲೆ ಕಣ್ಣು ಹಾಕಿತು. 1936ರ ಜುಲೈ 2ರಂದು, ಹೈನ್ರಿಷ್ ಸತ್ತು ಸಾವಿರ ವರ್ಷವಾದಾಗ, ನಾಜಿಗಳ ಎಸ್‌.ಎಸ್. ಪಡೆಯ ಮುಖ್ಯಸ್ಥ ಹಿಮ್ಲರ್ ಇಲ್ಲಿ ಭಾರೀ ಸಮಾರಂಭ ನಡೆಸಿದ. ಸ್ಲಾವ್ ಜನರ ಮೇಲೆ ಪೂರ್ವಕ್ಕೆ ದಂಡೆತ್ತಿ ಹೋಗಿದ್ದ ಆ ರಾಜ ಹಿಮ್ಲರನಿಗೆ ಆದರ್ಶ. ಹೈನ್ರಿಷನ ಮೂಳೆ ಯಾವತ್ತೋ ಕಾಣೆಯಾಗಿತ್ತು. ಎಸ್‌.ಎಸ್. ಅಗೆತ ನಡೆಸಿ ‘ಸಿಕ್ಕಿತು’ ಎಂದು ಘೋಷಿಸಿ, ಮರುವರ್ಷ ಮೆರವಣಿಗೆಯಲ್ಲಿ ಹೊತ್ತು ಮತ್ತೆ ಹೂಳಿತು. ಚರ್ಚನ್ನು ಭಕ್ತರಿಂದ ಕಿತ್ತುಕೊಂಡು ತನ್ನ ಮಂದಿರ ಮಾಡಿಕೊಂಡಿತು. ಯುದ್ಧ ಮುಗಿದ ಮೇಲೆ ಪೆಟ್ಟಿಗೆ ತೆರೆದು ನೋಡಿದರೆ, ಹೂಳಿದ್ದು ರಾಜನ ಮೂಳೆಯೇ ಅಲ್ಲ. ನೆಲಮಾಳಿಗೆಯಲ್ಲಿ ಇಂದು ಇರುವುದು ರಾಣಿ ಮಟಿಲ್ಡಾಳ ಕಲ್ಲಿನ ಶವಪೆಟ್ಟಿಗೆ. ರಾಜನ ಜಾಗ ಖಾಲಿ.

1945ರ ಏಪ್ರಿಲ್ 8ರಂದು ಹದಿನೈದು ಕಿಲೋಮೀಟರಿನೊಳಗಿರುವ ಹಾಲ್ಬರ್‌ಸ್ಟಾಟ್ ಮೇಲೆ ಬಾಂಬು ಬಿತ್ತು. ಕ್ವೆಡ್ಲಿನ್‌ಬುರ್ಗ್‌ನಷ್ಟೇ ಚೆಂದದ ಆ ಮರದ ಊರು ಹೆಚ್ಚೂಕಡಿಮೆ ಪೂರ್ತಿ ಸುಟ್ಟುಹೋಯಿತು. ಕೆಲವೇ ದಿನಗಳಲ್ಲಿ ಅಮೆರಿಕನ್ ಸೇನೆ ಬಂದಾಗ ಕ್ವೆಡ್ಲಿನ್‌ಬುರ್ಗ್ ಹೋರಾಡದೆ ಶರಣಾಯಿತು. ಮತ್ತೊಂದು ಸೋಲು, ಮತ್ತೊಮ್ಮೆ ಉಳಿವು.

ಅದೇ ಹೊತ್ತಿನಲ್ಲಿ ಮಠದ ನಿಧಿ ಮಾಯವಾಯಿತು. ಬಾಂಬಿನಿಂದ ಕಾಪಾಡಲೆಂದು ಊರ ಹೊರಗಿನ ಗವಿಯಲ್ಲಿ ಬಚ್ಚಿಟ್ಟಿದ್ದ ಪೆಟ್ಟಿಗೆಗಳನ್ನು ಕಾಯಬೇಕಿದ್ದ ಅಮೆರಿಕನ್ ತುಕಡಿಯ ಲೆಫ್ಟಿನೆಂಟ್ ಜೋ ಮೀಡರ್ ಹನ್ನೆರಡು ವಸ್ತುಗಳನ್ನು ಎತ್ತಿ, ಸೇನೆಯ ಅಂಚೆಯಲ್ಲೇ ಟೆಕ್ಸಸ್‌ನ ವೈಟ್‌ರೈಟ್ ಎಂಬ ಸಣ್ಣ ಊರಿನ ತನ್ನ ಮನೆಗೆ ಕಳಿಸಿದ. ಅವುಗಳಲ್ಲಿ ಒಂದು, ಚಿನ್ನದ ಶಾಯಿಯಲ್ಲಿ ಬರೆದು ರತ್ನದ ಹೊದಿಕೆ ಹಾಕಿದ 9ನೇ ಶತಮಾನದ ಸುವಾರ್ತೆಯ ಪುಸ್ತಕ. ಹೈನ್ರಿಷನದೆಂದು ಹೇಳುವ ದಂತದ ಬಾಚಣಿಗೆ ಇನ್ನೊಂದು. 1980ರಲ್ಲಿ ಮೀಡರ್ ಸತ್ತ. ವಾರಸುದಾರರು ಮಾರಲು ಹೊರಟಾಗ 1990ರಲ್ಲಿ ಗುಟ್ಟು ರಟ್ಟಾಯಿತು. ಜರ್ಮನಿ ಹಣ ತೆತ್ತು ರಾಜಿ ಮಾಡಿಕೊಂಡಿತು. 1993ರಲ್ಲಿ ನಿಧಿ ಗುಡ್ಡಕ್ಕೆ ಮರಳಿತು. ಎರಡು ವಸ್ತುಗಳು ಇನ್ನೂ ಪತ್ತೆಯಿಲ್ಲ.

ಬಡತನ ಕಾಯ್ದ ಊರು

ಪೂರ್ವ ಜರ್ಮನಿಯ ಕಾಲದಲ್ಲಿ ಹಳೆಯ ಮನೆಗಳನ್ನು ಕೆಡವಿ ಸಮಾಜವಾದಿ ಮಾದರಿಯ ಹೊಸ ಊರು ಕಟ್ಟುವ ಯೋಜನೆ ತಯಾರಾಗಿತ್ತು. ಕೆಡವಲೂ ಕಟ್ಟಲೂ ದುಡ್ಡಿರಲಿಲ್ಲ. ಉತ್ತರದ ಕೆಲವು ಬೀದಿಗಳಷ್ಟೇ ಕಾಂಕ್ರೀಟಿಗೆ ಬಲಿಯಾದವು. ಕೆಲವು ಮನೆಗಳನ್ನು ಪೋಲೆಂಡಿನಿಂದ ಬಂದ ನುರಿತ ಕುಶಲಕರ್ಮಿಗಳು ದುರಸ್ತಿ ಮಾಡಿದರು. ಉಳಿದವು ಸೋರುತ್ತ, ವಾಲುತ್ತ ನಿಂತವು. 1990ರಲ್ಲಿ ಜರ್ಮನಿ ಒಂದಾದಾಗ ಎಷ್ಟೋ ಮನೆಗಳು ಇನ್ನೊಂದು ಚಳಿಗಾಲ ತಾಳುವ ಸ್ಥಿತಿಯಲ್ಲಿರಲಿಲ್ಲ. 1994ರ ಡಿಸೆಂಬರಿನಲ್ಲಿ ಯುನೆಸ್ಕೋ ಹಳೆಯ ಊರು, ಕೋಟೆ, ಚರ್ಚುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸರ್ಕಾರದ ಹಣ, ಸ್ಮಾರಕ ರಕ್ಷಣೆಯ ಪ್ರತಿಷ್ಠಾನಗಳ ನೆರವು ಬಂತು. ಮನೆಗಳ ಜೊತೆಗೆ ಬಿರುಕು ಬಿಡುತ್ತಿದ್ದ ಕೋಟೆಗುಡ್ಡದ ಮೆದು ಕಲ್ಲನ್ನೂ ಬಿಗಿಮಾಡಬೇಕಾಯಿತು.

ಈ ಊರಿನ ಸಾವಿರ ವರ್ಷವನ್ನು ಒಟ್ಟಿಗೆ ಇಟ್ಟು ನೋಡಿದರೆ, ಇದನ್ನು ಉಳಿಸಬೇಕೆಂದು ಸಂಕಲ್ಪ ಮಾಡಿದವರು ತೀರ ಈಚಿನವರು. ಅದಕ್ಕೂ ಹಿಂದೆ ಉಳಿಸಿದ್ದು ಒಡತಿಯರ ಹಟ, ವರ್ತಕರ ಸೋಲು, ಗೋಡೆಯಾಚೆಗಿನ ಹೊಲ, ಖಾಲಿ ಖಜಾನೆ. ಆ ರಕ್ಷಕರು ಯಾರೂ ಈಗಿಲ್ಲ. ಮರದ ಮನೆಗೆ ಮನುಷ್ಯರ ವಾಸವೇ ಔಷಧ. ಒಲೆ ಉರಿಯದ, ಕಿಟಕಿ ತೆರೆಯದ ಮನೆಯ ತೊಲೆ ಹತ್ತೇ ವರ್ಷದಲ್ಲಿ ಕೊಳೆಯುತ್ತದೆ. ಪೂರ್ವ ಭಾಗದ ಹಲವು ಊರುಗಳಂತೆ ಇಲ್ಲೂ 1990ರ ನಂತರ ಪ್ರಾಯದವರು ಕೆಲಸ ಅರಸಿ ಪಶ್ಚಿಮಕ್ಕೆ ನಡೆದಿದ್ದಾರೆ. ಪ್ರವಾಸಿಗರು ಬಂದು ಹೋಗುವವರು. ಸೂರು ಸೋರಿದಾಗ ಏಣಿ ಹಾಕಿ ಹತ್ತುವವರು ಅವರಲ್ಲ. ಎರಡು ಸಾವಿರ ಮರದ ಮನೆಗಳಿಗೆ ಬೇಕಾದಷ್ಟು ಸಂಸಾರಗಳನ್ನು ಹುಡುಕಿಕೊಳ್ಳುವುದು ಈ ಊರಿನ ಮುಂದಿರುವ ಕೆಲಸ. ಸೋತು ಗೆಲ್ಲುವ ಹಳೆಯ ಉಪಾಯ ಅದಕ್ಕೆ ಒದಗದು.

ಹೋಗುವವರಿಗೆ

ಮ್ಯಾಗ್ಡೆಬುರ್ಗ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ಹಾದಿ. ಊರನ್ನು ನಡೆದೇ ನೋಡಬೇಕು; ಕಲ್ಲು ಹಾಸಿದ ಬೀದಿಗಳಾದ್ದರಿಂದ ಗಟ್ಟಿ ಚಪ್ಪಲಿ ಇರಲಿ. ಗುಡ್ಡದ ಚರ್ಚು ಮತ್ತು ಅಲ್ಲಿನ ನಿಧಿ, ವೋರ್ಡ್‌ಗಾಸ್ಸೆಯ ಮರದ ಮನೆ, ಮ್ಯುಂಟ್ಸೆನ್‌ಬೆರ್ಗ್ ತಪ್ಪಿಸಬಾರದು. ನಾಜಿಗಳು ‘ಕೀಳು ಕಲೆ’ ಎಂದು ಜರೆದ ಚಿತ್ರಕಾರ ಲಯೊನೆಲ್ ಫೈನಿಂಗರ್‌ನ ಕೃತಿಗಳನ್ನು ಇಲ್ಲಿಯವರೊಬ್ಬರು ಬಚ್ಚಿಟ್ಟು ಕಾಪಾಡಿದ್ದರು. ಆ ಸಂಗ್ರಹದಿಂದ ಹುಟ್ಟಿದ ಗ್ಯಾಲರಿ ಗುಡ್ಡದ ಬುಡದಲ್ಲಿದೆ. ನಿಲ್ದಾಣದಿಂದಲೇ ಹೊರಡುವ ಹಾರ್ಟ್ಸ್ ನ್ಯಾರೋಗೇಜ್ ರೈಲು ಗೆರ್ನ್‌ರೋಡೆಗೆ ಒಯ್ಯುತ್ತದೆ. 10ನೇ ಶತಮಾನದಲ್ಲಿ ಕಟ್ಟಿದ ಸಂತ ಸಿರಿಯಾಕುಸ್ ಚರ್ಚು ಅಲ್ಲಿದೆ.